ಅನುವಾದಕನ ಉಗ್ರಾಣ

ದಸರೆಗೆ ಎಂಟು ದಿನ ಮುಂಚೆ ನಮ್ಮ ಮನೆಯಲ್ಲಿ ಒಂದು ಮೊಕದ್ದಮೆ ನಡೆಯುತ್ತದೆ. ವರ್ಷ ವರ್ಷವೂ ತಪ್ಪದೆ ನಡೆಯುವುದರಿಂದ ಅದನ್ನೊಂದು ವ್ರತವೆಂದೇ ಹೇಳಬಹುದು. ಫಿರ್ಯಾದಿ ನನ್ನ ಹೆಂಡತಿ, ಪ್ರತಿವಾದಿ ನಾನು, ವ್ಯಾಜ್ಯದ ವಸ್ತು ನಡುಮನೆಯ ಗೋಡೆಬೀರು. ಬೊಂಬೆ ಕೂರಿಸುವುದಕ್ಕೆ ಅದರ ಐದು ಹಲಗೆಗಳೂ ಬೇಕೆಂದು ಆಕೆಯ ವಾದ. ನಾಲ್ಕು ಹಲಗೆಗಳ ಮೇಲೆ ನನ್ನ ಟಿಪ್ಪಣಿ ಪುಸ್ತಕಗಳಿವೆಯೆಂದೂ, ಅವು ವಿದ್ಯೆಯೆಂದೂ, ವಿದ್ಯೆಯೇ ಸರಸ್ವತಿಯೆಂದೂ, ಸಾಕ್ಷಾತ್ ಸರಸ್ವತಿಯೇ ಇರುವ ಕಡೆ ಮಣ್ಣಿನ ಬೊಂಬೆಗಳಿಗೆ ಏನು ಕೆಲಸವೆಂದೂ ನನ್ನ ವಾದ. ಪ್ರತಿ ವರ್ಷವೂ ರಾಜಿಯಾಗುತ್ತದೆ. ಪುಸ್ತಕಗಳು ಹತ್ತು ದಿನ ಮಂಚದ ಕೆಳಗೆ ವನವಾಸ ಮಾಡಿ, ವಿಜಯದಶಮಿ ಕಳೆದ ಮೇಲೆ ಮತ್ತೆ ಪಟ್ಟಕ್ಕೆ ಬರುತ್ತವೆ.

ಈ ಪುಸ್ತಕಗಳ ವಿಷಯ ಎರಡು ಮಾತು ಹೇಳಬೇಕು. ನಾನು ಕಾಲೇಜಿನಲ್ಲಿ ಕನ್ನಡ ಅಧ್ಯಾಪಕ. ಹೆಚ್ಚಾಗಿ ಹಳಗನ್ನಡ ನನ್ನ ಪಾಲಿಗೆ ಬರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ನಾಳೆಯ ಪಾಠವನ್ನು ಇಂದು ರಾತ್ರಿ ಕುಳಿತು ಸಿದ್ಧಮಾಡುತ್ತಿದ್ದೆ. ಪದ್ಯವನ್ನು ಬರೆದುಕೊಳ್ಳುವುದು, ಅನ್ವಯ, ಪ್ರತಿಪದಾರ್ಥ, ತಾತ್ಪರ್ಯ, ಅಲಂಕಾರ, ಛಂದಸ್ಸು. ನಾಲ್ಕು ಸಾಲಿನ ಪದ್ಯಕ್ಕೆ ಮೂರು ಪುಟ. ಆ ವರ್ಷದ ಶ್ರಮ ಮುಂದಿನ ವರ್ಷ ಫಲ ಕೊಟ್ಟಿತು. ತರಗತಿಗೆ ಹೋಗುವುದು, ಪುಸ್ತಕ ತೆರೆಯುವುದು, ಓದಿ ಹೇಳುವುದು. ಪಠ್ಯ ಬದಲಾದ ಹಾಗೆಲ್ಲ ಹೊಸ ಪುಸ್ತಕಗಳು ಹುಟ್ಟಿದವು. ಹಳೆಯವನ್ನು ಮಾತ್ರ ನಾನು ಎಸೆಯಲಿಲ್ಲ. ಪಠ್ಯಗಳೂ ಧೂಮಕೇತುಗಳ ಹಾಗೆ, ಹೋದವು ಒಂದು ದಿನ ಮರಳಿ ಬರುತ್ತವೆ. ಹೀಗಾಗಿ ಹದಿನೆಂಟು ವರ್ಷಗಳಲ್ಲಿ ನಾಲ್ಕು ಹಲಗೆ ತುಂಬಿತು.

ಈ ವರ್ಷ ಮೊಕದ್ದಮೆಗೆ ಮೂರನೆಯ ಕಕ್ಷಿಯೊಂದು ಬಂದು ಸೇರಿತು. ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ರಜಕ್ಕೆ ನಮ್ಮ ಮನೆಗೆ ಬಂದಿದ್ದಳು. ಅವಳು ಇಂಜಿನಿಯರ್ ಎಂಬುದು ನಮ್ಮ ಬಂಧುಬಳಗಕ್ಕೆಲ್ಲ ಗೊತ್ತು. ಏನು ಮಾಡುತ್ತಾಳೆಂಬುದು ಯಾರಿಗೂ ಗೊತ್ತಿಲ್ಲ. ‘ಕಂಪ್ಯೂಟರು’ ಎಂದು ಹೇಳಿ ಎಲ್ಲರೂ ಮುಂದಿನ ಮಾತಿಗೆ ಹೋಗುತ್ತೇವೆ. ಆ ದಿನ ಪುಸ್ತಕದ ಕಟ್ಟುಗಳನ್ನು ಮಂಚದ ಕೆಳಗೆ ತಳ್ಳಲು ನೆರವಾಗುತ್ತಿದ್ದವಳನ್ನು, ಸುಮ್ಮನಿರಲಾರದೆ ಕೇಳಿದೆ: “ಅಲ್ಲಮ್ಮ, ಆಫೀಸಿನಲ್ಲಿ ನೀನು ಮಾಡುವುದಾದರೂ ಏನು?”

“ಅನುವಾದ, ಮಾವ” ಎಂದಳು.

ನನಗೆ ರೋಮಾಂಚವಾಯಿತು. ನಮ್ಮ ವಂಶದಲ್ಲಿ ಇನ್ನೊಂದು ಸಾಹಿತ್ಯಜೀವಿ! “ಯಾವ ಭಾಷೆಯಿಂದ ಯಾವ ಭಾಷೆಗೆ?” ಎಂದೆ. “ಒಂದು ಚಿಪ್ಪಿನ ಭಾಷೆಯಿಂದ ಇನ್ನೊಂದು ಚಿಪ್ಪಿನ ಭಾಷೆಗೆ” ಎಂದಳು. ರೋಮಾಂಚ ಇಳಿಯಿತು. ಆದರೆ ಆಮೇಲೆ ಎರಡು ಗಂಟೆಯ ಕಾಲ ಅವಳು ಹೇಳಿದ್ದನ್ನು ಕೇಳಿದಾಗ, ನನ್ನ ವೃತ್ತಿಯ ವಿಷಯವನ್ನೇ ಯಾರೋ ನನಗೆ ಮೊದಲ ಸಲ ತಿಳಿಸುತ್ತಿದ್ದಾರೆ ಅನ್ನಿಸಿತು. ಓದುಗರು ತಾಂತ್ರಿಕ ವಿಷಯವೆಂದು ಹೆದರಬೇಕಾಗಿಲ್ಲ. ನನಗೆ ಅರ್ಥವಾದಷ್ಟನ್ನು ಮಾತ್ರ ಹೇಳುತ್ತೇನೆ, ಅದು ಬಹಳವೇನಲ್ಲ.

ಕಂಪ್ಯೂಟರಿನೊಳಗಿನ ಪ್ರತಿಯೊಂದು ಬಗೆಯ ಪ್ರೊಸೆಸರಿಗೂ ತನ್ನದೇ ಆದ ಮಾತು ಉಂಟು. ಇಂಟೆಲ್ ಪ್ರೊಸೆಸರಿಗೆ ಬರೆದ ಆಜ್ಞೆ ಆರ್ಮ್ ಪ್ರೊಸೆಸರಿಗೆ ತಿಳಿಯದು. ಎರಡನ್ನೂ ಬರೆಯುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಕ್ಷರಗಳಲ್ಲಿ. ಆದರೆ ಲಿಪಿ ಒಂದಾದ ಮಾತ್ರಕ್ಕೆ ಭಾಷೆ ಒಂದಾಗುವುದಿಲ್ಲವಷ್ಟೆ. ಹಿಂದಿ ಮಾತ್ರ ಬಲ್ಲವನು ಮರಾಠಿ ಪತ್ರಿಕೆಯನ್ನು ಗಟ್ಟಿಯಾಗಿ ಓದಬಲ್ಲ, ಅರ್ಥ ಹೇಳಲಾರ. ಹೊಸ ಯಂತ್ರ ಬಂದಾಗ ಹಳೆಯ ಯಂತ್ರದ ಕಾರ್ಯಕ್ರಮಗಳೆಲ್ಲ ಮೂಕವಾಗುತ್ತವೆ. ಬರೆದವರನ್ನು ಕರೆಸಿ ಮತ್ತೆ ಬರೆಸೋಣವೆಂದರೆ, ಬರೆದವರು ನಿವೃತ್ತರಾಗಿರುತ್ತಾರೆ, ಕಂಪನಿ ಮುಚ್ಚಿರುತ್ತದೆ, ಮನುಷ್ಯರಿಗೆ ತಿಳಿಯುವಂತೆ ಬರೆದ ಮೂಲಪ್ರತಿ ಕಳೆದುಹೋಗಿರುತ್ತದೆ; ಉಳಿದಿರುವುದು ಯಂತ್ರಕ್ಕೆ ಕೊಟ್ಟ ಸೊನ್ನೆ-ಒಂದುಗಳ ಸಾಲು ಮಾತ್ರ. ಆ ಸಾಲನ್ನೇ ಹಿಡಿದು ಹೊಸ ಯಂತ್ರದ ಮಾತಿಗೆ ತಿರುಗಿಸಬೇಕು. ಆಪಲ್ ಕಂಪನಿ ತನ್ನ ಕಂಪ್ಯೂಟರುಗಳ ಪ್ರೊಸೆಸರನ್ನು ೨೦೦೬ರಲ್ಲಿ ಒಮ್ಮೆ, ೨೦೨೦ರಲ್ಲಿ ಇನ್ನೊಮ್ಮೆ ಬದಲಾಯಿಸಿದಾಗ ಹಳೆಯ ಕಾರ್ಯಕ್ರಮಗಳನ್ನು ನಡೆಸಿಕೊಟ್ಟದ್ದು ಇಂಥ ಅನುವಾದಕನೇ. ಅದಕ್ಕಿಟ್ಟ ಹೆಸರು ರೊಸೆಟಾ. ಒಂದೇ ಶಾಸನವನ್ನು ಮೂರು ಬಗೆಯ ಬರಹದಲ್ಲಿ ಹೊತ್ತು, ೧೭೯೯ರಲ್ಲಿ ಈಜಿಪ್ಟಿನಲ್ಲಿ ಸಿಕ್ಕ ಶಿಲೆಯ ಹೆಸರು ಅದು. ಯಂತ್ರದವರಿಗೂ ಶಾಸನಗಳ ನೆನಪಿದೆಯಲ್ಲ ಎಂದು ಸಂತೋಷವಾಯಿತು.

“ಹಾಗಾದರೆ ಪುಸ್ತಕವನ್ನು ಪೂರ್ತಿಯಾಗಿ ಒಂದು ಸಲ ಅನುವಾದಿಸಿ ಅಚ್ಚುಹಾಕಿಸಿಬಿಟ್ಟರೆ ಮುಗಿಯಿತಲ್ಲ?” ಎಂದೆ.

“ಎಷ್ಟೋ ಸಲ ಅದು ಆಗುವುದಿಲ್ಲ, ಮಾವ. ಆ ಸಾಲಿನಲ್ಲಿ ಆಜ್ಞೆ ಯಾವುದು, ಬರಿಯ ಅಂಕಿ ಯಾವುದು ಎಂದು ನೋಡಿದ ಕೂಡಲೆ ತಿಳಿಯುವುದಿಲ್ಲ. ಇಲ್ಲಿಂದ ಮುಂದೆ ಯಾವ ಪುಟಕ್ಕೆ ಹೋಗಬೇಕೆಂಬುದನ್ನೂ ಕಾರ್ಯಕ್ರಮ ಓಡುತ್ತಿರುವಾಗ ತಾನೇ ಲೆಕ್ಕಹಾಕಿ ಗೊತ್ತುಮಾಡುತ್ತದೆ. ಆದ್ದರಿಂದ ಅದು ಓಡುತ್ತಿರುವ ಹಾಗೆಯೇ, ಬೇಕಾದಷ್ಟು ಬೇಕಾದಾಗ, ತುಂಡು ತುಂಡಾಗಿ ಅನುವಾದ ಮಾಡಬೇಕು.”

ಆಗ ನನಗೆ ಹೊಳೆಯಿತು. ಗಮಕ ವಾಚನ ಕೇಳಿದವರಿಗೆಲ್ಲ ಈ ಏರ್ಪಾಡು ಗೊತ್ತು. ಗಮಕಿಗಳು ಒಂದು ಪದ್ಯ ಹಾಡಿ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅಲ್ಲೇ ಆಗಲೇ ಅದರ ಅರ್ಥ ಬಿಡಿಸುತ್ತಾರೆ. ಮತ್ತೆ ಹಾಡು, ಮತ್ತೆ ಅರ್ಥ. ಹಾಡು ನಿಲ್ಲುವಂತಿಲ್ಲ, ಸಭೆ ಏಳುವಂತಿಲ್ಲ. ನನ್ನ ತರಗತಿಯಲ್ಲಿಯೂ ನಡೆಯುವುದು ಅದೇ. ಡೈನಮಿಕ್ ಬೈನರಿ ಟ್ರಾನ್ಸ್‌ಲೇಶನ್ ಎಂಬ ಭಾರದ ಹೆಸರಿನ ಒಳಗೆ ಕುಳಿತಿದ್ದವನು ನಮ್ಮ ವ್ಯಾಖ್ಯಾನಕಾರ!

ಆದರೆ ಕಾವ್ಯಕ್ಕೂ ಕಾರ್ಯಕ್ರಮಕ್ಕೂ ಒಂದು ಭೇದವಿದೆ. ಕಾರ್ಯಕ್ರಮದಲ್ಲಿ ಒಂದೇ ಪದ್ಯ ಲಕ್ಷ ಸಲ ಬರಬಹುದು. ಬಂದಾಗಲೆಲ್ಲ ಹೊಸದಾಗಿ ಅರ್ಥ ಬಿಡಿಸುತ್ತ ಕುಳಿತರೆ ಕೆಲಸ ಸಾಗದು. ಆದ್ದರಿಂದ ಒಮ್ಮೆ ಮಾಡಿದ ಅನುವಾದವನ್ನು ಯಂತ್ರದ ನೆನಪಿನಲ್ಲಿ ಒಂದು ಕಡೆ ಕೂಡಿಡುತ್ತಾರೆ. ಮುಂದಿನ ಸಲ ಸಿದ್ಧ ಅನುವಾದವನ್ನೇ ಓಡಿಸುತ್ತಾರೆ. ಅವಳು ಅದನ್ನು ಕೋಡ್ ಕ್ಯಾಶ್ ಎಂದಳು. ನಾನು ಉಗ್ರಾಣ ಎಂದೆ. ಇಬ್ಬರಿಗೂ ಒಪ್ಪಿಗೆಯಾಯಿತು.

ತೊಂದರೆ ಹುಟ್ಟುವುದು ಈ ಉಗ್ರಾಣದಲ್ಲಿ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಜಾಗಕ್ಕೆ ಬರವಿಲ್ಲ. ನನ್ನ ಸೊಸೆಯಂಥ ಹುಡುಗಿ ಕೆಲಸ ಮಾಡುವುದು ಪುಟ್ಟ ಪೆಟ್ಟಿಗೆಗಳಲ್ಲಿ: ಕಾರಿನೊಳಗೆ, ಕಾರ್ಖಾನೆಯ ಯಂತ್ರದೊಳಗೆ, ಇನ್ನೊಂದರ ಒಡಲಿನಲ್ಲಿ ಹುದುಗಿ, ಹೊರಗಿನವರಿಗೆ ಕಾಣದೆ ದುಡಿಯುವ ಕಂಪ್ಯೂಟರುಗಳಲ್ಲಿ. ಅವಕ್ಕೆ ಎಂಬೆಡೆಡ್ ಎಂದು ಹೆಸರು. ಅಲ್ಲಿ ನೆನಪಿನ ಜಾಗ ಬಹಳ ಚಿಕ್ಕದು. ದೊಡ್ಡದು ಮಾಡಿದರೆ ಒಂದೊಂದು ಪೆಟ್ಟಿಗೆಗೂ ಬೆಲೆ ಏರುತ್ತದೆ. ಲಕ್ಷ ಪೆಟ್ಟಿಗೆ ಮಾಡುವವನಿಗೆ ಹತ್ತು ರೂಪಾಯಿ ಹೆಚ್ಚಾದರೂ ಹತ್ತು ಲಕ್ಷ. ವಿದ್ಯುತ್ತೂ ಹೆಚ್ಚು ಬೇಕು. ತುಂಬಿ ಚೆಲ್ಲಿದ್ದನ್ನು ಇಡಲು ಪಕ್ಕದಲ್ಲಿ ಡಿಸ್ಕ್ ಎಂಬ ಅಟ್ಟವೂ ಎಷ್ಟೋ ಕಡೆ ಇರುವುದಿಲ್ಲ. ಅಂಥ ಒಂದೇ ಕೋಣೆಯ ಮನೆಯಲ್ಲಿ ಮೂಲ ಕಾರ್ಯಕ್ರಮವೂ ಇರಬೇಕು, ಅನುವಾದಕನೂ ಇರಬೇಕು, ಅವನ ಉಗ್ರಾಣವೂ ಇರಬೇಕು. ಮೇಲಾಗಿ ಅನುವಾದವೆಂಬುದು ಸಾಮಾನ್ಯವಾಗಿ ಮೂಲಕ್ಕಿಂತ ದೊಡ್ಡದು. ಒಂದು ಭಾಷೆಯಲ್ಲಿ ಒಂದು ಮಾತಿನಲ್ಲಿ ಮುಗಿಯುವುದು ಇನ್ನೊಂದರಲ್ಲಿ ನಾಲ್ಕು ಮಾತು ಬೇಡುತ್ತದೆ. ನಾಲ್ಕು ಸಾಲಿನ ಪದ್ಯಕ್ಕೆ ಮೂರು ಪುಟ ಬರೆದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

“ಉಗ್ರಾಣವನ್ನು ತುಂಬುವುದು ಬರಿಯ ಅನುವಾದವೇ ಎಂದುಕೊಂಡೆಯಾ, ಮಾವ?” ಎಂದು ಅವಳು ಕೇಳಿ, ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮೂವರ ಸಂಶೋಧನೆಯನ್ನು ಹೇಳಿದಳು. ಅಪಲಾ ಗುಹಾ, ಕಿಮ್ ಹೇಝಲ್‌ವುಡ್, ಮೇರಿ ಲೂ ಸೋಫಾ ಎಂಬ ಈ ಮೂವರು ವಿದುಷಿಯರು ಉಗ್ರಾಣದಲ್ಲಿ ನಿಜವಾಗಿ ಏನೇನು ತುಂಬಿದೆಯೆಂದು ಅಳೆದು ನೋಡಿ, ೨೦೦೭ರಲ್ಲಿ ಪ್ರಕಟಿಸಿದರು. ಅನುವಾದದ ಒಂದು ತುಂಡು ಮುಗಿಯುವ ಕಡೆ ಕವಲುಗಳಿರುತ್ತವೆ. ಹೀಗಾದರೆ ಆ ಕಡೆಗೆ, ಹಾಗಾದರೆ ಈ ಕಡೆಗೆ. ಆ ಕಡೆಯದು ಇನ್ನೂ ಅನುವಾದವಾಗಿಲ್ಲದಿರಬಹುದು. ಅದಕ್ಕಾಗಿ ಪ್ರತಿಯೊಂದು ಕವಲಿನಲ್ಲೂ ‘ಇಲ್ಲಿಗೆ ಬಂದರೆ ಅನುವಾದಕನನ್ನು ಕರೆಯಿರಿ, ಇಂಥ ಜಾಗದಿಂದ ಮುಂದುವರಿಸಬೇಕು’ ಎಂದು ಒಂದು ಚೀಟಿ ಅಂಟಿಸಿರುತ್ತಾರೆ. ಈ ಚೀಟಿಗಳೇ ಉಗ್ರಾಣದ ಶೇಕಡ ೬೬.೭ರವರೆಗೆ ಜಾಗ ತಿನ್ನುತ್ತಿದ್ದುವಂತೆ! ಮೂರು ಮೂಟೆಯಲ್ಲಿ ಎರಡು ಮೂಟೆ ಅಕ್ಕಿಯಲ್ಲ, ಅಕ್ಕಿ ಎಲ್ಲಿದೆಯೆಂದು ಬರೆದ ಚೀಟಿಗಳು.

ಅವರು ಕಂಡುಕೊಂಡ ಉಪಾಯಗಳು ಗೃಹಕೃತ್ಯ ಬಲ್ಲ ಯಾರಿಗೂ ತಿಳಿಯುವಂಥವು. ಮುಂದಿನ ತುಂಡು ಸಿದ್ಧವಾಗಿ ಎರಡಕ್ಕೂ ನೇರವಾಗಿ ಗಂಟುಹಾಕಿದ ಮೇಲೆ ನಡುವಣ ಚೀಟಿ ಬೇಡ, ಕಿತ್ತುಹಾಕು. ಮುಂದಿನ ತುಂಡು ಮೊದಲೇ ಸಿದ್ಧವಾಗಿದ್ದರೆ ಚೀಟಿಯನ್ನು ಬರೆಯಲೇ ಹೋಗಬೇಡ. ಹತ್ತು ಕವಲುಗಳು ಒಂದೇ ಊರಿಗೆ ಹೋಗುವುದಾದರೆ ಹತ್ತಕ್ಕೂ ಸೇರಿ ಒಂದೇ ಚೀಟಿ ಸಾಕು. ಕಿತ್ತುಹಾಕಿದ ಚೀಟಿ ಮುಂದೆ ಬೇಕಾಯಿತೋ, ಆಗ ಬರೆದುಕೊಂಡರಾಯಿತು. ಹೀಗೆ ಮಾಡಿದ್ದರಿಂದ ಶೇಕಡ ೪೩.೫ರಷ್ಟು ಜಾಗ ಉಳಿಯಿತು. ಓಟವೂ ಶೇಕಡ ೧.೫ರಷ್ಟು ಚುರುಕಾಯಿತು. ಇದೇ ಮೂವರು ೨೦೧೨ರಲ್ಲಿ ಇನ್ನೂ ವಿಸ್ತಾರವಾಗಿ ಬರೆದು, ಅನುವಾದ, ಚೀಟಿಯಂಥ ಉಪಕರಣಗಳು, ಇವೆರಡರ ಲೆಕ್ಕ ಇಡುವ ಖಾತೆಗಳು ಎಂಬ ಮೂರು ರಾಶಿಗಳನ್ನೂ ಕರಗಿಸುವ ದಾರಿ ತೋರಿಸಿದರು. ಜಾಗ ಉಳಿಸುವ ಕ್ರಮಗಳೇ ವೇಗವನ್ನೂ ತಂದುಕೊಟ್ಟವೆಂಬುದು ಅವರ ಅನುಭವ.

ಬೊಂಬೆಗಳ ಧೂಳು ಒರೆಸುತ್ತ ಎಲ್ಲವನ್ನೂ ಕೇಳುತ್ತಿದ್ದ ನನ್ನ ಹೆಂಡತಿ ಇಲ್ಲಿ ಬಾಯಿ ಹಾಕಿದಳು. “ಮೂವರೂ ಹೆಂಗಸರೇನೇ?” ಎಂದು ಹುಡುಗಿಯನ್ನು ಕೇಳಿ, “ಸರಿಹೋಯಿತು. ಮನೆಯಲ್ಲಿ ಯಾವುದನ್ನು ಎಸೆಯಬೇಕೆಂದು ಗಂಡಸರನ್ನು ಕೇಳಿದ್ದರೆ ಇಷ್ಟುಹೊತ್ತಿಗೆ ಇನ್ನೊಂದು ಬೀರು ಮಾಡಿಸುತ್ತಿದ್ದರು” ಎಂದಳು.

ನಾನು ಮಾತನಾಡದೆ ಕೈಯಲ್ಲಿದ್ದ ಒಂದು ಟಿಪ್ಪಣಿ ಪುಸ್ತಕವನ್ನು ತೆರೆದೆ. ಪುಟದ ಅಂಚಿನಲ್ಲಿ ಕೆಂಪು ಶಾಯಿ: ‘ಹೋಲಿಸಿ, ಎರಡನೆಯ ಪುಸ್ತಕ, ಪುಟ ೪೧’, ‘ಇದಕ್ಕೆ ಹಿಂದಿನ ಸಂಧಿಯ ಟಿಪ್ಪಣಿ ನೋಡಿ’, ‘ಅಲಂಕಾರಕ್ಕೆ ನೀಲಿ ಪುಸ್ತಕ’. ನೀಲಿ ಪುಸ್ತಕದ ೪೧ನೆಯ ಪುಟದಲ್ಲಿ ‘ಮೊದಲ ಪುಸ್ತಕ ನೋಡಿ’ ಎಂದಿತ್ತು.

“ಇಷ್ಟೆಲ್ಲ ಮಾಡಿಯೂ ಉಗ್ರಾಣ ತುಂಬಿಯೇ ತುಂಬುತ್ತದಲ್ಲ; ಆಗ?” ಎಂದು ಕೇಳಿದೆ. ಹಳೆಯದನ್ನು, ಉಪಯೋಗವಿಲ್ಲದ್ದನ್ನು ಆರಿಸಿ ಆರಿಸಿ ತೆಗೆಯುತ್ತಾರೆಂದು ನನ್ನ ಊಹೆ. ಅದೇ ವಿವೇಕವೆಂದು ನಾನು ತಿಳಿದಿದ್ದೆ. ಆದರೆ ಆರಿಸಿ ತೆಗೆಯುವುದು ಕಾಣುವಷ್ಟು ಸುಲಭವಲ್ಲವಂತೆ. ತುಂಡುಗಳು ಒಂದಕ್ಕೊಂದು ಗಂಟುಬಿದ್ದಿರುತ್ತವೆ. ಒಂದನ್ನು ತೆಗೆಯಬೇಕಾದರೆ ಅದಕ್ಕೆ ಕೈಚಾಚಿದ ಎಲ್ಲವನ್ನೂ ಹುಡುಕಿ ಬಿಡಿಸಬೇಕು. ಬಿಡಿಸಿ ತೆಗೆದ ಕಡೆ ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ. ಅದರಲ್ಲಿ ಹೊಸದು ಹಿಡಿಸುವುದಿಲ್ಲ. ಯಾವುದು ಎಷ್ಟು ಸಲ ಬಳಕೆಯಾಯಿತೆಂದು ಲೆಕ್ಕ ಇಡುವುದಕ್ಕೇ ಇನ್ನಷ್ಟು ಜಾಗ ಬೇಕು. ಆದ್ದರಿಂದ ಎಷ್ಟೋ ಪ್ರಸಿದ್ಧ ಅನುವಾದಕರು ಅನುಸರಿಸಿದ್ದು ಸರಳವಾದ ದಾರಿಯನ್ನು. ಫಾಬ್ರಿಸ್ ಬೆಲ್ಲಾರ್ ಎಂಬಾತ ೨೦೦೩ರಲ್ಲಿ ಹೊರತಂದ ಕೆಮು ಎಂಬ ಅನುವಾದಕವಿದೆ. ಅದರ ಉಗ್ರಾಣ ೧೬ ಮೆಗಾಬೈಟಿನದೆಂದೂ, ತುಂಬಿದ ಕೂಡಲೆ ಪೂರ್ತಿ ಖಾಲಿ ಮಾಡುವುದೆಂದೂ, ಹೀಗೆ ಮಾಡುವುದು ಸರಳತೆಗಾಗಿ ಎಂದೂ ಆತ ೨೦೦೫ರಲ್ಲಿ ಬರೆದಿದ್ದಾನೆ. ಎಚ್‌ಪಿ ಕಂಪನಿಯ ಪ್ರಯೋಗಶಾಲೆಯವರು ೨೦೦೦ದಲ್ಲಿ ವರ್ಣಿಸಿದ ಡೈನಮೊ ಇನ್ನೂ ಜಾಣ. ಇದ್ದಕ್ಕಿದ್ದ ಹಾಗೆ ಹೊಸ ಹೊಸ ತುಂಡುಗಳು ಹುಟ್ಟತೊಡಗಿದರೆ, ಕಾರ್ಯಕ್ರಮ ಹೊಸ ಅಧ್ಯಾಯಕ್ಕೆ ಕಾಲಿಟ್ಟಿದೆ, ಹಳೆಯ ಅಧ್ಯಾಯದ ಟಿಪ್ಪಣಿಗಳಿಂದ ಇನ್ನು ಪ್ರಯೋಜನವಿಲ್ಲ ಎಂದು ಊಹಿಸಿ, ತುಂಬುವುದಕ್ಕೆ ಮುಂಚೆಯೇ ಎಲ್ಲವನ್ನೂ ಗುಡಿಸಿ ಹಾಕುತ್ತಿತ್ತು.

“ಎಲ್ಲವನ್ನೂ ಎಸೆದುಬಿಡುವುದೆ?” ಎಂದು ನಾನು ಗಾಬರಿಯಿಂದ ಕೇಳಿದೆ. ನನ್ನ ಕಣ್ಣು ಮಂಚದ ಕೆಳಗೆ ಹೋಯಿತು.

“ಎಸೆದರೆ ಕಳೆದುಹೋಗುವುದು ಏನು, ಮಾವ? ಮತ್ತೆ ಅನುವಾದ ಮಾಡುವ ಶ್ರಮ ಅಷ್ಟೆ. ಸ್ವಲ್ಪ ಹೊತ್ತು ಓಟ ನಿಧಾನವಾಗುತ್ತದೆ. ಬೇಕಾದದ್ದು ತಾನಾಗಿ ಮತ್ತೆ ಬಂದು ಕೂಡುತ್ತದೆ, ಬೇಡವಾದದ್ದು ಬರುವುದಿಲ್ಲ. ಮೂಲ ಇದ್ದೇ ಇರುತ್ತದಲ್ಲ.” ಸ್ವಲ್ಪ ತಡೆದು ಅವಳೇ ಮುಂದುವರಿಸಿದಳು: “ಇಟ್ಟುಕೊಳ್ಳುವುದರಲ್ಲಿ ಜಾಗಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಉಗ್ರಾಣಕ್ಕೆ ತಪ್ಪು ಅನುವಾದವೊಂದು ಸೇರಿತೋ, ಮೂಲದ ಕಡೆ ಯಾರೂ ಮತ್ತೆ ನೋಡುವುದಿಲ್ಲ. ಅದೇ ತಪ್ಪು ಲಕ್ಷ ಸಲ ಓಡುತ್ತದೆ, ಬಹಳ ವೇಗವಾಗಿ.”

ಅವಳು ಯಂತ್ರದ ವಿಷಯ ಹೇಳುತ್ತಿದ್ದಳು. ನನಗೆ ಮಾತ್ರ ಚೇಳು ಕುಟುಕಿದ ಹಾಗಾಯಿತು. ಅದಕ್ಕೆ ಕಾರಣವನ್ನು ಈವರೆಗೆ ಮನೆಯಲ್ಲಿ ಹೇಳಿರಲಿಲ್ಲ. ಈಗ ಎಲ್ಲರಿಗೂ ಹೇಳುತ್ತೇನೆ.

ಶ್ರಾವಣದಲ್ಲಿ ಒಂದು ದಿನ ಚಂಪೂಕಾವ್ಯವೊಂದರ ಯುದ್ಧಪ್ರಸಂಗವನ್ನು ಪಾಠ ಹೇಳುತ್ತಿದ್ದೆ. ಒಂದು ಪದ್ಯದಲ್ಲಿ ವೀರನೊಬ್ಬ ಬಾಣಗಳನ್ನು ‘ಕರೆ’ಯುತ್ತಾನೆ. ನನ್ನ ಪುಸ್ತಕದಲ್ಲಿದ್ದ ಅರ್ಥ: ‘ಬಾಣಗಳನ್ನು ಕೂಗಿ ಕರೆದನು’. ಅದರ ಕೆಳಗೆ ಒಂದು ವಿಶೇಷ ಟಿಪ್ಪಣಿ: ಮಂತ್ರಾಸ್ತ್ರಗಳು ಕರೆದರೆ ಬರುವಂಥವು, ಬಾಣವನ್ನು ಬಂಧುವಿನಂತೆ ಕರೆಯುವ ಕವಿಯ ಚಮತ್ಕಾರ ನೋಡಿ, ಇತ್ಯಾದಿ. ಇದನ್ನು ಹೇಳುವಾಗ ನಾನು ಕೈಯನ್ನು ಮೇಲಕ್ಕೆ ಎತ್ತಿ ಕರೆಯುವ ಅಭಿನಯವನ್ನೂ ಮಾಡುತ್ತೇನೆ. ಹುಡುಗರಿಗೆ ಬಹಳ ಹಿಡಿಸುತ್ತದೆ. ಆ ದಿನ ಎರಡನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಹತ್ತಿರದ ಹಳ್ಳಿಯವಳು, ಬೆಳಗ್ಗೆ ಎರಡು ಹಸುಗಳ ಹಾಲು ಕರೆದು ಡೇರಿಗೆ ಹಾಕಿ, ಬಸ್ಸು ಹಿಡಿದು ಕಾಲೇಜಿಗೆ ಬರುತ್ತಾಳೆ. ಅವಳ ಕೈಯಲ್ಲಿ ಅಚ್ಚಾದ ಮೂಲವಿತ್ತು.

“ಸಾರ್, ಪುಸ್ತಕದಲ್ಲಿ ಇಲ್ಲಿ ಶಕಟರೇಫ ಇದೆ, ‘ಕಱೆ’ ಅಂತ. ಕೂಗು ಅನ್ನೋ ಅರ್ಥಕ್ಕೆ ಸಾದಾ ರೇಫ ಅಲ್ವಾ ಸಾರ್? ಇದು ಹಾಲು ಕರೆಯೋದು. ಹಾಲು ಕರೆದ ಹಾಗೆ ಬಾಣ ಸುರಿಸಿದ ಅಂತ ಅಲ್ವಾ?”

ಅವಳು ಹೇಳಿದ್ದು ಸರಿ. ಹಳಗನ್ನಡದಲ್ಲಿ ‘ಕರೆ’ ಎಂದರೆ ಕೂಗು; ‘ಕಱೆ’ ಎಂದರೆ ಹಾಲು ಹಿಂಡು, ಮಳೆ ಸುರಿಸು. ಶಕಟರೇಫ ನಮ್ಮ ಬರವಣಿಗೆಯಿಂದ ಬಿದ್ದುಹೋದ ಮೇಲೆ ಎರಡೂ ನೋಡುವುದಕ್ಕೆ ಒಂದೇ ಆದವು. ಎಂ.ಎ. ಓದುವಾಗ ಇದನ್ನು ನಾನು ಬಾಯಿಪಾಠ ಮಾಡಿದ್ದೆ. ತಪ್ಪು ಹೇಗೆ ನುಸುಳಿತೆಂದೂ ಆ ಕ್ಷಣವೇ ತಿಳಿಯಿತು. ಮೊದಲ ಸಲ ಅದನ್ನು ಪಾಠ ಹೇಳಿದ ವರ್ಷ, ಲೈಬ್ರರಿಯ ಪ್ರತಿಯನ್ನು ಹಿಂದಿರುಗಿಸಬೇಕಾಗಿತ್ತೆಂದು ಪದ್ಯಗಳನ್ನು ಅವಸರದಲ್ಲಿ ನಕಲು ಮಾಡಿಕೊಂಡೆ; ಕೈಯ ಅಭ್ಯಾಸದಿಂದ ಶಕಟರೇಫವನ್ನು ಸಾದಾ ರೇಫವಾಗಿ ಬರೆದೆ. ಮಾರನೆಯ ದಿನ ಅರ್ಥ ಬರೆದದ್ದು ಮೂಲವನ್ನು ನೋಡಿಯಲ್ಲ, ನನ್ನ ನಕಲನ್ನು ನೋಡಿ. ಆಮೇಲೆ ೧೪ ವರ್ಷ ಮೂಲವನ್ನು ತೆರೆಯಲೇ ಇಲ್ಲ. ತೆರೆಯುವ ಅಗತ್ಯ ಬೀಳದಂತೆ ನನ್ನ ಪುಸ್ತಕ ನೋಡಿಕೊಂಡಿತ್ತು.

ಇಷ್ಟೇ ಆಗಿದ್ದರೆ ಕೈತಪ್ಪೆಂದು ಬಿಡಬಹುದಿತ್ತು. ನಾನು ಮಾಡಿದ ತಪ್ಪು ಅದಾದ ಮೇಲಿನದು. ಅರವತ್ತು ಜೊತೆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಎತ್ತಿದ ಕೈ ಇನ್ನೂ ಮೇಲೆಯೇ ಇತ್ತು. ನಾನು ಗಂಟಲು ಸರಿಮಾಡಿಕೊಂಡು, “ಒಳ್ಳೆಯ ಪ್ರಶ್ನೆಯಮ್ಮ. ಇಲ್ಲಿ ಎರಡರ್ಥವನ್ನೂ ಹೇಳಬಹುದು. ಇದನ್ನು ಶ್ಲೇಷೆ ಎನ್ನುತ್ತಾರೆ” ಎಂದೆ. ಹುಡುಗಿ ಒಂದು ಕ್ಷಣ ನನ್ನ ಮುಖವನ್ನೇ ನೋಡಿ, ಕುಳಿತುಕೊಂಡು, ‘ಶ್ಲೇಷೆ’ ಎಂದು ಬರೆದುಕೊಂಡಳು. ಅವಳು ಬರೆದುಕೊಂಡದ್ದೇ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು.

ಆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕಟ್ಟುಗಳನ್ನು ಹೊರಕ್ಕೆಳೆದು, ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತೆ. ಒಂದು ಪುಸ್ತಕವನ್ನು ಮಾತ್ರ ಪೂರ್ತಿಯಾಗಿ ಪರೀಕ್ಷಿಸಿದೆ. ಇನ್ನೆರಡು ಕಡೆ ತಪ್ಪು ಸಿಕ್ಕಿತು, ಎರಡೂ ಸಣ್ಣವು. ಆದರೆ ತಪ್ಪುಗಳಿಗಿಂತ ಬೇರೊಂದು ಸಂಗತಿ ನನ್ನನ್ನು ತಟ್ಟಿತು. ಮೂಲದ ಪದ್ಯಗಳನ್ನು ಓದುತ್ತಿದ್ದಂತೆ, ಇವನ್ನು ನಾನು ಮೊದಲ ಸಲ ಓದುತ್ತಿದ್ದೇನೆಂಬ ಭಾವನೆ ಬಂತು. ಹಾಲು ಕರೆದ ಹಾಗೆ ಬಾಣ ಸುರಿಸುವುದು! ಎರಡು ಕೈಗಳ ಆ ಲಯ, ಬಿಟ್ಟೂ ಬಿಡದೆ ಒಂದರ ಹಿಂದೊಂದು ಬೀಳುವ ಆ ಧಾರೆ. ಕವಿ ಕೊಟ್ಟ ಚಿತ್ರವನ್ನು ಕಿತ್ತು, ಅದರ ಜಾಗದಲ್ಲಿ ನನ್ನ ಮಂತ್ರಾಸ್ತ್ರವನ್ನು ಕೂರಿಸ ಹೋಗಿದ್ದೆನಲ್ಲ! ನನ್ನ ಟಿಪ್ಪಣಿಗಳು ನನಗೂ ಕಾವ್ಯಕ್ಕೂ ನಡುವೆ ಸೇತುವೆಯಾಗಲೆಂದು ಕಟ್ಟಿದವು. ಹದಿನೆಂಟು ವರ್ಷದಲ್ಲಿ ಅವು ಗೋಡೆಯಾಗಿ ಎದ್ದಿದ್ದವು.

ಆರಿಸಿ ಎಸೆಯೋಣವೆಂದು ಮೊದಲು ಹೊರಟೆ. ಇದರಲ್ಲಿ ಅದನ್ನು ನೋಡಿ ಎಂದಿದೆ, ಅದು ಹೋದರೆ ಇದು ಕುಂಟುತ್ತದೆ. ಇದು ಚೆನ್ನಾಗಿದೆ, ಇರಲಿ. ಇದು ಬೇಡ, ಆದರೂ ಇರಲಿ. ಒಂದು ಗಂಟೆಯಲ್ಲಿ ಎಸೆಯುವ ರಾಶಿಯಲ್ಲಿ ಎರಡು ಪುಸ್ತಕ, ಉಳಿಸುವ ರಾಶಿಯಲ್ಲಿ ಮಿಕ್ಕದ್ದೆಲ್ಲ. ಆಗ ಸೊಸೆಯ ಮಾತು ನೆನಪಾಯಿತು. ಆರಿಸುವ ಖರ್ಚು ಮತ್ತೆ ಮಾಡುವ ಖರ್ಚಿಗಿಂತ ಹೆಚ್ಚು. ಮೂಲ ಇದ್ದೇ ಇದೆ.

ಆಯುಧಪೂಜೆಯ ದಿನ ದೇವರ ಮುಂದೆ ಮೂಲಕಾವ್ಯದ ಒಂದು ಪ್ರತಿಯನ್ನು ಇಟ್ಟೆ. ಟಿಪ್ಪಣಿ ಪುಸ್ತಕಗಳನ್ನು ಇಡಲಿಲ್ಲ. ವಿಜಯದಶಮಿ ಕಳೆದ ಮೇಲೆ ಅವು ಬೀರುವಿಗೆ ಮರಳಲೂ ಇಲ್ಲ; ರದ್ದಿಯವನ ತಕ್ಕಡಿಗೆ ಹೋದವು. ಒಟ್ಟು ೨೩ ಕಿಲೋ. ಹದಿನೆಂಟು ವರ್ಷದ ಪಾಂಡಿತ್ಯವನ್ನು ಆತ ಎರಡು ಗೋಣಿಚೀಲದಲ್ಲಿ ತುಂಬಿ, ಚೌಕಾಸಿಯಿಲ್ಲದೆ ಹಣ ಕೊಟ್ಟುಹೋದ. ಒಂದು ಪುಸ್ತಕದ ಕೊನೆಯ ಪುಟದಲ್ಲಿ, ನನ್ನ ಮಗಳು ನಾಲ್ಕು ವರ್ಷದವಳಿದ್ದಾಗ ಬರೆದ ಸ್ಕೂಟರಿನ ಚಿತ್ರವಿತ್ತು. ಆ ಹಾಳೆಯನ್ನು ಮಾತ್ರ ನನ್ನ ಹೆಂಡತಿ ಹರಿದು ಇಟ್ಟುಕೊಂಡಳು. ಅದಕ್ಕೆ ಬೇರೆ ಮೂಲವಿಲ್ಲ. ಆದ್ದರಿಂದ ಅದನ್ನು ಉಳಿಸಿದ್ದು ನ್ಯಾಯವೇ.

ರಜ ಮುಗಿದ ಮೊದಲ ದಿನ ಬರಿಯ ಮೂಲವನ್ನು ಹಿಡಿದು ತರಗತಿಗೆ ಹೋದೆ. “ಶ್ರಾವಣದಲ್ಲಿ ನಾನು ನಿಮಗೆ ಒಂದು ಪದ್ಯಕ್ಕೆ ತಪ್ಪು ಅರ್ಥ ಹೇಳಿದೆ. ಅಲ್ಲಿ ಶ್ಲೇಷೆಯಿಲ್ಲ. ಇವರು ಹೇಳಿದ್ದೇ ಸರಿ” ಎಂದು ಆ ಹುಡುಗಿಯ ಕಡೆ ತೋರಿಸಿದೆ. ತರಗತಿ ಸ್ವಲ್ಪ ಹೊತ್ತು ಸ್ತಬ್ಧವಾಯಿತು. ಹುಡುಗಿ ತಲೆತಗ್ಗಿಸಿಕೊಂಡೇ ಹಿಂದಿನ ಪುಟಗಳನ್ನು ತಿರುವಿ, ಒಂದು ಕಡೆ ಪೆನ್ನಿನಿಂದ ಗೀಟು ಹಾಕಿದ್ದು ಕಂಡಿತು. ಹಾಲು ಕರೆಯುವ ಬಗೆಯನ್ನು ಅವಳಿಂದಲೇ ಹೇಳಿಸಿದೆ. ನಾನು ೧೪ ವರ್ಷ ಮಾಡಿದ ಅಭಿನಯಕ್ಕಿಂತ ಅವಳ ಎರಡು ಕೈಗಳು ಚೆನ್ನಾಗಿ ಅರ್ಥ ಹೇಳಿದವು.

ಓಟ ನಿಧಾನವಾಯಿತು, ಸುಳ್ಳು ಹೇಳಬಾರದು. ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಪದ್ಯಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಎರಡು ಸಲ ‘ತಾಳಿ, ನಿಘಂಟು ನೋಡಿ ನಾಳೆ ಹೇಳುತ್ತೇನೆ’ ಎನ್ನಬೇಕಾಯಿತು. ಮೂರನೆಯ ವಾರದ ಹೊತ್ತಿಗೆ, ನಿಜವಾಗಿ ಬೇಕಾದ ಅರ್ಥಗಳು ತಾವಾಗಿಯೇ ನಾಲಗೆಗೆ ಬಂದು ಕುಳಿತವು. ಮಿಕ್ಕವನ್ನು ನಾನೂ ಕೇಳಲಿಲ್ಲ, ಹುಡುಗರೂ ಕೇಳಲಿಲ್ಲ.

ಒಂದು ಕೆಲಸ ಮಾತ್ರ ಪೂರ್ತಿಯಾಗಲಿಲ್ಲ. ಆ ೧೪ ವರ್ಷದಲ್ಲಿ ನನ್ನ ಮುಂದೆ ಕುಳಿತವರಲ್ಲಿ ಕೆಲವರು ಇಂದು ತಾವೇ ಅಧ್ಯಾಪಕರು. ಅವರಲ್ಲಿ ಒಬ್ಬನಿಗೆ ಫೋನು ಮಾಡಿ ವಿಷಯ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ನಾನೂ ಕೈ ಎತ್ತಿ ತೋರಿಸುತ್ತೇನಲ್ಲ ಸಾರ್” ಎಂದ. ಇಬ್ಬರೂ ನಕ್ಕೆವು, ಆದರೆ ಫೋನು ಇಟ್ಟ ಮೇಲೆ ನನಗೆ ನಗು ಬರಲಿಲ್ಲ. ನಮ್ಮ ಉಗ್ರಾಣವನ್ನು ನಾವು ಖಾಲಿಮಾಡಬಹುದು; ನಮ್ಮಿಂದ ಹೊತ್ತುಕೊಂಡು ಹೋದವರ ಉಗ್ರಾಣಕ್ಕೆ ನಮ್ಮ ಕೈ ಹೋಗುವುದಿಲ್ಲ. ಒಬ್ಬೊಬ್ಬರಿಗೇ ತಿಳಿಸುತ್ತಿದ್ದೇನೆ. ಇದನ್ನು ಓದುತ್ತಿರುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿದ್ದರೆ, ಅವರಿಗೂ ತಿಳಿಸಿದಂತಾಯಿತು.

ಮೊನ್ನೆ ಅಂಗಡಿಯಿಂದ ಒಂದು ಹೊಸ ನೋಟುಪುಸ್ತಕ ತಂದೆ. ನನ್ನ ಹೆಂಡತಿ ಕಂಡು, “ಮತ್ತೆ ಶುರುವಾಯಿತೇನ್ರಿ?” ಎಂದಳು.

“ನಲವತ್ತೇ ಪುಟ. ತುಂಬಿದರೆ ಎಸೆದುಬಿಡುತ್ತೇನೆ” ಎಂದೆ.

ಆಕೆ ನಂಬಲಿಲ್ಲ, ಪುಸ್ತಕವನ್ನು ಕೈಗೆ ತೆಗೆದುಕೊಂಡು ತಿರುವಿದಳು. ಮೊದಲ ಪುಟದಲ್ಲಿ ಒಂದೇ ಒಂದು ಚೀಟಿಯನ್ನು ಅಂಟಿಸಿದ್ದೆ: ‘ಮೂಲ ನೋಡು.’ ಮಿಕ್ಕ ಪುಟಗಳೆಲ್ಲ ಖಾಲಿಯಿದ್ದವು. ಆಕೆ ಪುಸ್ತಕವನ್ನು ಮೇಜಿನ ಮೇಲಿಟ್ಟು, ಗೋಡೆಬೀರುವಿನ ಖಾಲಿ ಹಲಗೆಗಳಿಗೆ ಹಾಸುವುದಕ್ಕೆ ಹಳೆಯ ಪತ್ರಿಕೆ ಹುಡುಕುತ್ತ ಒಳಗೆ ಹೋದಳು.